ಹಳೇ ಅಡುಗೆಮನೆ ಗೋಡೆಗೆ ಸ್ಟಿಕರ್ರಾ, ಪೇಂಟಾ, ಟೈಲ್ ಮೇಲೆ ಟೈಲಾ, ಇಲ್ಲಾ ಬರೀ ಸಂದಿ ತುಂಬಿಸಿದ್ರೆ ಸಾಕಾ?

ನಮ್ಮದು ಹಾಸನದಲ್ಲಿ ಅಪ್ಪ 1994ರಲ್ಲಿ ಕಟ್ಟಿಸಿದ ಮನೆ. ಅಡುಗೆಮನೆ ಅವತ್ತು ಹೆಂಗಿತ್ತೋ ಮೊನ್ನೆವರೆಗೂ ಹಂಗೇ ಇತ್ತು, ಕಡಪ ಕಲ್ಲಿನ ಕಟ್ಟೆ, ಕೆಳಗೆ ಬಾಗಿಲಿಲ್ಲದ ಗೂಡುಗಳು, ಅದಕ್ಕೆ ಹಳೇ ಸೀರೆ ಹರಿದು ಹೊಲಿದ ಪರದೆ, ಒಲೆ ಹಿಂದೆ 2 ಅಡಿ ಎತ್ತರಕ್ಕೆ ಬಿಳಿ ಟೈಲ್ಸು. ಅಮ್ಮ ದಿನಾ ಉಜ್ಜುತ್ತಾರೆ, ಆದ್ರೂ ಗೋಡೆ ಮಾಸಲಾಗೇ ಕಾಣತ್ತೆ ಅಂತ ಬೇಜಾರು ಮಾಡ್ಕೋತಿದ್ರು. ಮಾಡ್ಯುಲರ್ ಕಿಚನ್ ಮಾಡೋರನ್ನ ಕರೆಸಿ ಕೇಳಿದ್ರೆ 2 ಲಕ್ಷದಿಂದ ಮಾತು ಶುರು. ನನ್ನ ಹತ್ರ ಇದ್ದಿದ್ದು 25 ಸಾವಿರ. ಸರಿ ನಾವೇ ಮಾಡೋಣ ಅಂತ ಭಾನುವಾರ ಭಾನುವಾರ ಕೂತು ಒಂದೊಂದೇ ಮಾಡಿ ನೋಡಿದ್ದು, ಒಂದೂವರೆ ವರ್ಷದ ಕಥೆ ಇದು.

ಮೊದಲು ಅಂಟಿಸಿದ್ದು ಪಿವಿಸಿ ಸ್ಟಿಕರ್. 2 ರೋಲಿಗೆ 900 ರೂಪಾಯಿ, ಒಂದು ಮಧ್ಯಾಹ್ನದ ಕೆಲಸ, ಸಂಜೆಗೆ ಅಡುಗೆಮನೆ ಹೊಸದಾಗಿ ಕಾಣ್ತು, ಅಕ್ಕಪಕ್ಕದವರೆಲ್ಲ ಬಂದು ನೋಡ್ಕೊಂಡು ಹೋದ್ರು. ಒಂದೂವರೆ ತಿಂಗಳಿಗೆ ಒಲೆ ಹಿಂದೆ ಅಂಚು ಸುರುಳಿ ಸುತ್ಕೊಳ್ಳೋಕೆ ಶುರುವಾಯ್ತು, ಒಗ್ಗರಣೆ ಎಣ್ಣೆ, ಕುಕ್ಕರ್ ಆವಿ ಎರಡೂ ಸೇರಿ ಅಂಟು ಬಿಡಿಸಿಬಿಡತ್ತೆ. ಕಿತ್ತು ನೋಡಿದ್ರೆ ಹಿಂದೆ ಜಿಡ್ಡು, ಜಿರಳೆ ಮೊಟ್ಟೆ. ಅದಕ್ಕಿಂತ ಮುಖ್ಯ ಏನಂದ್ರೆ ಅದು ಪ್ಲಾಸ್ಟಿಕ್ಕು, ದೊಡ್ಡ ಪಾತ್ರೆ ಇಟ್ಟಾಗ ಉರಿ ಪಕ್ಕಕ್ಕೆ ಬಂದು ಒಂದು ಕಡೆ ಸುಟ್ಟು ಮುದುರಿಕೊಂಡಿತ್ತು. ಒಲೆ ಹತ್ರ ದಯವಿಟ್ಟು ಬೇಡ. ಆದ್ರೆ ಫ್ರಿಜ್ ಪಕ್ಕದ ಗೋಡೆಗೆ ಹಾಕಿದ್ದು ಇವತ್ತಿಗೂ ಚೆನ್ನಾಗೇ ಇದೆ, ಒಲೆ ಬಿಸಿ ಆಗ್ಲಿ ನೀರಾಗ್ಲಿ ತಾಗದ ಜಾಗಕ್ಕೆ, ಬಾಡಿಗೆ ಮನೆಯವರಿಗೆ ಸ್ಟಿಕರ್ ಸಾಕು.

ಆಮೇಲೆ ಪೇಂಟು. ವಾಷಿಂಗ್ ಸೋಡಾ ಹಾಕಿ ಜಿಡ್ಡು ತೆಗೆದು, ಟೈಲ್ಸಿನ ಹೊಳಪು ಪೂರ್ತಿ ಹೋಗೋ ತನಕ ಸ್ಯಾಂಡ್‌ಪೇಪರಲ್ಲಿ ಉಜ್ಜಿ (ಇದನ್ನ ಬಿಟ್ರೆ ಪೇಂಟ್ ಹಿಡಿಯೋದೇ ಇಲ್ಲ), ಪ್ರೈಮರ್ ಒಂದು ಕೋಟು, ಮೇಲೆ ಬಿಳಿ ಎನಾಮಲ್ ಎರಡು ಕೋಟು, ಒಂದೊಂದು ಕೋಟಿಗೂ ಒಂದು ದಿನ ಒಣಗಬೇಕು. ಖರ್ಚು 1,100. ತಿನ್ನರ್ ವಾಸನೆ ಇರೋ ತನಕ ಒಲೆ ಹಚ್ಚಬಾರದು, 3 ದಿನ ಹಾಲ್‌ನಲ್ಲಿ ಇಂಡಕ್ಷನ್ ಇಟ್ಕೊಂಡು ಅಡುಗೆ ಮಾಡಿದ್ವಿ. ನೋಡೋಕೆ ತುಂಬಾ ಚೆಂದ ಬಂತು. ಆದ್ರೆ ನಾಲ್ಕು ತಿಂಗಳಿಗೆ ಒಲೆ ಹಿಂದೆ ಬಿಳುಪು ಹೋಗಿ ಹಳದಿ ತಿರುಗ್ತು, ಸಿಂಕ್ ಹತ್ರ ಸ್ಕ್ರಬ್ಬರ್ ತಾಗಿದ ಕಡೆಯೆಲ್ಲ ಪದರ ಎದ್ದು ಬಂತು. ಮೆತ್ತಗೆ ಒರೆಸೋ ಗೋಡೆಗಾದ್ರೆ ಪೇಂಟ್ ಆಗತ್ತೆ, ದಿನಾ ತಿಕ್ಕಿ ತೊಳೆಯೋ ನಮ್ಮ ಅಡುಗೆಮನೆಗೆ ಆಗಲ್ಲ ಅಂತ ಅನ್ನಿಸ್ತು.

ಆ ಪೇಂಟ್ ಕೆರೆದು ತೆಗೀತಾ ಇದ್ದಾಗ ಅಮ್ಮ ಬಂದು ಬೆರಳಲ್ಲಿ ಮುಟ್ಟಿ, "ಲೋ, ಟೈಲ್ಸ್ ಬೆಳ್ಳಗೇ ಇದೆ ಕಣೋ, ಕೊಳೆ ಇರೋದು ಸಂದೀಲಿ" ಅಂದ್ರು. ನಿಜವಾಗ್ಲೂ ಅಷ್ಟೇ. ಸಂದಿಗೆ ತುಂಬಿಸಿದ್ದು ಬಿಳಿ ಸಿಮೆಂಟು, ಅದರಲ್ಲಿ ಸಣ್ಣ ಸಣ್ಣ ತೂತು ಇರತ್ತೆ, ಎಣ್ಣೆ ಅರಿಶಿನ ಹೀರ್ಕೊಂಡು 30 ವರ್ಷದ ಕಂದು ಬಣ್ಣ ಗೆರೆಗೆರೆಯಾಗಿ ನಿಂತಿತ್ತು, ದೂರದಿಂದ ಅದೇ ಇಡೀ ಗೋಡೆ ಮಾಸಿದ ಹಾಗೆ ಕಾಣ್ತಿತ್ತು.

ಹಾಗಾಗಿ ಮೂರನೇ ಸಲ ಬರೀ ಜಾಯಿಂಟ್, ಅಂದ್ರೆ ಟೈಲ್ಸ್ ಮಧ್ಯದ ಸಂದಿ ಮಾತ್ರ ಮಾಡಿದೆ. ಹಳೇ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ಕೊಂಡು ಸಂದಿಯಿಂದ ಸಿಮೆಂಟ್ ಕೆರೆದು ತೆಗೆದೆ, ಇದೇ ಕಷ್ಟದ ಕೆಲಸ, ಎರಡು ಭಾನುವಾರ ಹಿಡೀತು, ಧೂಳಿಗೆ ಮಾಸ್ಕ್ ಹಾಕ್ಕೊಳ್ಳಿ. ಆಮೇಲೆ ಎಪಾಕ್ಸಿ ಗ್ರೌಟ್, ಅಂದ್ರೆ ಸಿಮೆಂಟ್ ಬದಲು ಸಂದಿಗೆ ತುಂಬೋ, ಎಣ್ಣೆ ಹೀರದ ಮಿಶ್ರಣ. ರೆಸಿನ್, ಹಾರ್ಡನರ್, ಪೌಡರ್ ಮೂರು ಬೇರೆ ಬೇರೆ ಬರತ್ತೆ, ಡಬ್ಬಿ ಮೇಲಿನ ಅಳತೆ ತಪ್ಪಿಸಬಾರದು, ಕಲಸಿದ ಮೇಲೆ ಮುಕ್ಕಾಲು ಗಂಟೆ ಒಳಗೆ ಗಟ್ಟಿಯಾಗೋಕೆ ಶುರು ಆಗತ್ತೆ, ಅದಕ್ಕೆ ಸ್ವಲ್ಪ ಸ್ವಲ್ಪ ಕಲಸಿ ತುಂಬಿಸಿ ತಕ್ಷಣ ಒದ್ದೆ ಸ್ಪಾಂಜಲ್ಲಿ ಒರೆಸ್ತಾ ಹೋಗಬೇಕು. ಒಂದು ಮೂಲೆ ಒರೆಸೋದು ಮರೆತೆ, ಅಲ್ಲಿ ಪೊರೆ ಹಂಗೇ ಉಳಿದುಬಿಟ್ಟಿದೆ, ಏನು ಮಾಡಿದ್ರೂ ಹೋಗ್ತಿಲ್ಲ. ಕೈಗೆ ಗ್ಲೌಸ್ ಬೇಕೇ ಬೇಕು. 1,900 ಆಯ್ತು. ವರ್ಷ ಆಗ್ತಾ ಬಂತು, ಸಾಂಬಾರ್ ಹಾರಿದ್ರೂ ಒರೆಸಿದ್ರೆ ಹೋಗತ್ತೆ, ಗೆರೆ ಇನ್ನೂ ಬೆಳ್ಳಗಿದೆ. ನಮ್ಮ ಟೈಲ್ಸ್ ಮಧ್ಯ 2 ಮಿಲಿಮೀಟರ್ ಸಂದಿ ಇತ್ತು, ಅದಕ್ಕೆ ಆಯ್ತು, ಹಳೇ ಮನೆಗಳಲ್ಲಿ ಕೆಲವು ಕಡೆ ಟೈಲ್ಸ್ ಒಂದಕ್ಕೊಂದು ಒತ್ತಿಸಿ ಕೂರಿಸಿರ್ತಾರೆ, ಅಂಥದ್ದಕ್ಕೆ ಇದು ಇಳಿಯೋದೇ ಇಲ್ಲ.

ಒಲೆ ಹಿಂದೆ ಮಾತ್ರ 4 ಟೈಲ್ಸ್ ಬಿರುಕು ಬಿಟ್ಟಿತ್ತು, ಅಲ್ಲಿ ಟೈಲ್ ಮೇಲೆ ಟೈಲ್ ಕೂರಿಸಿದೆ. ಹಳೇದನ್ನ ನಾಣ್ಯದಲ್ಲಿ ತಟ್ಟಿ ನೋಡಬೇಕು, ಟೊಳ್ಳು ಶಬ್ದ ಬಂದ್ರೆ ಕಿತ್ತೇ ಹಾಕಬೇಕು, ಗಟ್ಟಿ ಇದ್ರೆ ಟೈಲ್ಸ್ ಕತ್ತರಿಸೋ ಗ್ರೈಂಡರಲ್ಲಿ ಗೀರು ಹಾಕಿ ಟೈಲ್ ಮೇಲೆ ಟೈಲ್‌ಗೆ ಆಗೋ ಪಾಲಿಮರ್ ಅಡ್ಹೆಸಿವ್ ಅಂತಲೇ ಕೇಳಿ ತಗೊಳ್ಳಿ, ಬರೀ ಸಿಮೆಂಟ್ ನುಣುಪಿನ ಮೇಲೆ ನಿಲ್ಲಲ್ಲ. ಗೋಡೆ ಅರ್ಧ ಇಂಚು ಮುಂದೆ ಬರತ್ತೆ, ಅಲ್ಲಿದ್ದ ಸ್ವಿಚ್ ಬೋರ್ಡ್ ಒಳಗೆ ಹೋದ ಹಾಗಾಗಿ ಎಲೆಕ್ಟ್ರಿಷಿಯನ್ ಕರೆಸಬೇಕಾಯ್ತು. ಎಲ್ಲಾ ಸೇರಿ 3,600. ಗಟ್ಟಿತನಕ್ಕೆ ಇದೇ ಮೇಲು, ಆದ್ರೆ ಟೈಲ್ಸ್ ಒಡೆದಿಲ್ಲ ಅಂದ್ರೆ ನಾನಂತೂ ಈ ಕೆಲಸಕ್ಕೆ ಕೈ ಹಾಕಲ್ಲ, ಜಾಯಿಂಟ್ ಮಾಡಿಸಿ ಮಿಕ್ಕ ದುಡ್ಡು ಕಟ್ಟೆ ಕೆಳಗಿನ ಗೂಡುಗಳ ಬಾಗಿಲಿಗೆ ಇಡ್ತೀನಿ.

ಬಾಗಿಲಿಗೆ ಹೋಗಿದ್ದು 14,500. ಸಿಂಕ್ ಕೆಳಗೆ ಪಿವಿಸಿ, ನೀರು ಸೋರಿದ್ರೂ ಊದಲ್ಲ, ಆದ್ರೆ ಪೊಳ್ಳು ಹಲಗೆ ಆಗಿರೋದ್ರಿಂದ ಕೀಲಿನ ಸ್ಕ್ರೂ ಆಗಲೇ ಒಂದ್ಸಲ ಸಡಿಲ ಆಗಿದೆ. ಬೇರೆ ಕಡೆ ಪ್ಲೈವುಡ್, ಐಎಸ್ 710 ಅಂತ ಮುದ್ರೆ ಇರೋದೇ (ನೀರು ತಡೆಯೋ ಮರೈನ್ ಪ್ಲೈವುಡ್) ತಗೊಂಡೆ, ಐಎಸ್ 303 ಮುದ್ರೆಯ ಸಾಮಾನ್ಯ ಪ್ಲೈವುಡ್ ಅಗ್ಗ ಸಿಗತ್ತೆ ಆದ್ರೆ ಅಡುಗೆಮನೆ ತೇವಕ್ಕೆ ನಂಗೆ ಧೈರ್ಯ ಬರಲಿಲ್ಲ. ಕಡಪ ಕಲ್ಲಿಗೆ ನೇರ ಸ್ಕ್ರೂ ಹೊಡೆದ್ರೆ ಪದರ ಏಳತ್ತೆ, ಅದಕ್ಕೆ ಮೊದಲು ಮರದ ಫ್ರೇಮ್ ಕೂರಿಸಿ ಅದಕ್ಕೆ ಬಾಗಿಲು ಹಾಕಿದ್ದು.

ಸಿಲಿಂಡರ್ ಇರೋ ಗೂಡಿಗೆ ಮಾತ್ರ ಬಾಗಿಲು ಹಾಕಿಲ್ಲ. ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲೇ ನಿಲ್ಲತ್ತೆ, ಮುಚ್ಚಿಟ್ರೆ ಒಳಗೇ ತುಂಬ್ಕೊಳ್ಳತ್ತೆ. ಅಲ್ಲಿ ಅಮ್ಮನ ಸೀರೆ ಪರದೆನೇ ಇದೆ, ನೆಲದಿಂದ ಅರ್ಧ ಅಡಿ ಮೇಲಕ್ಕೆ ಮಡಚಿ ಹೊಲಿದುಕೊಟ್ಟಿದ್ದಾರೆ.