21 ಕಥೆಗಳ ಒಂದು ಭವಿಷ್ಯ, ಒಳಗೆ ಒಂದಿಬ್ಬರು ಬಾಡಿಗೆದಾರರು

ಅಮೆರಿಕದ ವೈಜ್ಞಾನಿಕ ಕಥೆಗಾರ ರಾಬರ್ಟ್ ಹೈನ್‌ಲೈನ್‌ನ, ಒಂದೇ ಕಲ್ಪಿತ ಭವಿಷ್ಯದಲ್ಲಿ ನಡೆಯುವ ‘ಫ್ಯೂಚರ್ ಹಿಸ್ಟರಿ’ ಸರಣಿಯ ಕಥೆಗಳನ್ನು ಒಟ್ಟಿಗೆ ಓದಬೇಕೆನ್ನುವವರು ಸಾಮಾನ್ಯವಾಗಿ ಕೊಳ್ಳುವುದು ‘ದ ಪಾಸ್ಟ್ ಥ್ರೂ ಟುಮಾರೋ’ ಸಂಪುಟವನ್ನು. 1967ರಲ್ಲಿ ಪಟ್ನಮ್ ಪ್ರಕಾಶನ ತಂದದ್ದು, ಮುನ್ನುಡಿ ಡೇಮನ್ ನೈಟ್‌ನದು, ಒಳಗೆ 21 ಕಥೆ. ಬರೆದ ವರ್ಷದ ಪ್ರಕಾರ ಅಲ್ಲ, ಕಥೆ ನಡೆಯುವ ಕಾಲದ ಪ್ರಕಾರ ಜೋಡಿಸಿದ್ದಾರೆ. ಕಥೆಗಳ ಮಟ್ಟದ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಆಯ್ಕೆಯ ಬಗ್ಗೆ: ಇರಲೇಬೇಕಾದ ಕೆಲವು ಕಥೆಗಳು ಹೊರಗುಳಿದಿವೆ, ನಂಟಿಲ್ಲದ ಒಂದೆರಡು ಒಳಗೆ ಬಂದು ಕೂತಿವೆ.

ಇಂಥ ಸರಣಿಗೆ ಒಂದು ಕಥೆ ಸಲ್ಲುತ್ತದೋ ಇಲ್ಲವೋ ಎಂದು ನೋಡಲು ಹೆಸರು, ಊರು ಹೊಂದಿದರೆ ಸಾಲದು. ಒಂದರಲ್ಲಿ ಆದದ್ದು ಇನ್ನೊಂದರಲ್ಲಿ ಉಳಿದಿರಬೇಕು; ಅದನ್ನು ಕಿತ್ತರೆ ಬೇರೆ ಕಥೆಯಲ್ಲಿ ಏನಾದರೂ ಸಡಿಲವಾಗಬೇಕು. 1941ರ ಮೇ ತಿಂಗಳ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಸಂಪಾದಕ ಜಾನ್ ಕ್ಯಾಂಬೆಲ್ ಈ ಸರಣಿಯ ಕಾಲಪಟ್ಟಿ ಅಚ್ಚು ಹಾಕಿದ. ಅದರಲ್ಲಿ ಕಥೆ, ಪಾತ್ರಗಳ ಜೊತೆಗೆ ತಂತ್ರಜ್ಞಾನ, ಸಮಾಜಗಳಿಗೂ ಬೇರೆ ಜಾಗ ಇತ್ತು. ಆ ಪಟ್ಟಿಯನ್ನು ಗಂಭೀರವಾಗಿ ತೆಗೆದುಕೊಂಡು ಸಂಪುಟ ಓದಿದರೆ ಬಿರುಕುಗಳು ತಾವಾಗಿ ಕಾಣುತ್ತವೆ.

ಮೊದಲನೆಯ ಬಿರುಕು ಎರಡನೇ ಕಥೆಯಲ್ಲೇ. ‘ದ ರೋಡ್ಸ್ ಮಸ್ಟ್ ರೋಲ್’ನಲ್ಲಿ ಇಡೀ ದೇಶ ಚಲಿಸುವ ರಸ್ತೆಗಳ ಮೇಲೆ ಓಡಾಡುತ್ತದೆ. ಅದಕ್ಕೆ ಶಕ್ತಿ ಕೊಡುವುದು ಡಗ್ಲಸ್-ಮಾರ್ಟಿನ್ ಸೌರ ಪರದೆಗಳು. ಯಾರು ಈ ಡಗ್ಲಸ್, ಯಾರು ಮಾರ್ಟಿನ್? 1940ರ ‘ಲೆಟ್ ದೇರ್ ಬಿ ಲೈಟ್’ ಕಥೆಯ ಇಬ್ಬರು ವಿಜ್ಞಾನಿಗಳು. ಬಿಸಿಯಿಲ್ಲದ ಬೆಳಕು ಕೊಡುವ ಹಲಗೆ ಮಾಡಲು ಹೊರಟು, ಅದನ್ನೇ ತಿರುಗುಮುರುಗು ಮಾಡಿದರೆ ಬಿಸಿಲು ವಿದ್ಯುತ್ತಾಗುತ್ತದೆ ಎಂದು ಕಂಡುಕೊಂಡವರು. ವಿದ್ಯುತ್ ಕಂಪನಿಗಳು ಕತ್ತು ಹಿಸುಕಲು ಬಂದಾಗ ಗುಟ್ಟನ್ನು ಎಲ್ಲರಿಗೂ ಬಿಟ್ಟುಕೊಟ್ಟವರು. ಸರಣಿಯ ಇಂಧನದ ಲೆಕ್ಕ ಶುರುವಾಗುವುದೇ ಅಲ್ಲಿಂದ. 1967ರ ಸಂಪುಟದಲ್ಲಿ ಆ ಕಥೆಯೇ ಇಲ್ಲ. ಮಾತು ಸ್ವಲ್ಪ ಹಳಸಲು, ಗಂಡು ಹೆಣ್ಣಿನ ಚಟಾಕಿಗಳು ಈಗ ನಗು ತರಿಸುವುದಿಲ್ಲ, ನಿಜ. ಆದರೆ ಕಥೆ ಸಾಧಾರಣ ಎಂಬ ಕಾರಣಕ್ಕೆ ಅಡಿಗಲ್ಲು ತೆಗೆಯುವುದು ಯಾವ ನ್ಯಾಯ?

ಎರಡನೆಯದು ಇದಕ್ಕೆ ತದ್ವಿರುದ್ಧ. ‘ವಿ ಆಲ್ಸೋ ವಾಕ್ ಡಾಗ್ಸ್’ ತುಂಬ ಲವಲವಿಕೆಯ ಕಥೆ. ದುಡ್ಡು ಕೊಟ್ಟರೆ ಯಾವ ಕೆಲಸವನ್ನಾದರೂ ಮಾಡಿಕೊಡುವ ಕಂಪನಿ. ಬೇರೆ ಗ್ರಹಗಳ ಜೀವಿಗಳು ಭೂಮಿಯಲ್ಲಿ ಸಭೆ ಸೇರಲು ಗುರುತ್ವವನ್ನೇ ಹತೋಟಿಗೆ ತರಬೇಕು. ಅದನ್ನು ಸಾಧಿಸಬಲ್ಲ ಭೌತವಿಜ್ಞಾನಿ ಕೂಲಿಯಾಗಿ ಕೇಳುವುದು ಮಿಂಗ್ ಕಾಲದ ಒಂದು ಬೋಗುಣಿ. ಅದು ಸಾಧ್ಯವೂ ಆಗುತ್ತದೆ. ಪುಟ ಮಗುಚಿ ಮುಂದೆ ಹೋಗಿ. ಒಂದು ಕಥೆ ದಾಟಿದರೆ ‘ಆರ್ಡೀಲ್ ಇನ್ ಸ್ಪೇಸ್’. ಅಲ್ಲಿ ಹಡಗಿನೊಳಗೆ ತೂಕ ಬರಬೇಕೆಂದರೆ ಹಡಗನ್ನು ಗರಗರ ತಿರುಗಿಸಬೇಕು. ಹಾಗೆ ತಿರುಗುವ ಹಡಗಿನ ಹೊರಮೈಗೆ ಜೋತುಬಿದ್ದು, ಕೈಸೋತು ಜಾರಿದವನಿಗೆ ಎತ್ತರದ ಭಯ ಅಂಟಿಕೊಳ್ಳುವುದೇ ಕಥೆಯ ಜೀವ. ಗುರುತ್ವ ಕೈವಶವಾದ ಲೋಕದಲ್ಲಿ ಈ ಅಪಘಾತಕ್ಕೆ ಜಾಗ ಎಲ್ಲಿ? ಅಷ್ಟು ದೊಡ್ಡ ಶೋಧ ಮುಂದಿನ ರಾಕೆಟ್ ಕಥೆಗಳಲ್ಲಿ ಒಂದು ಗೀರನ್ನೂ ಬಿಟ್ಟಿಲ್ಲ.

ಇದರ ಕಾರಣ ಊಹಿಸುವುದು ಕಷ್ಟವಲ್ಲ. ‘ಅಸ್ಟೌಂಡಿಂಗ್’ನಲ್ಲಿ ಹೈನ್‌ಲೈನ್ ಸರಣಿಯ ಕಥೆಗಳಿಗೆ ಸ್ವಂತ ಹೆಸರು ಹಾಕುತ್ತಿದ್ದ, ಉಳಿದವಕ್ಕೆ ಹೆಚ್ಚಾಗಿ ಆನ್ಸನ್ ಮೆಕ್‌ಡೊನಾಲ್ಡ್ ಎಂಬ ಗುಪ್ತನಾಮ. ‘ಡಾಗ್ಸ್’ 1941ರಲ್ಲಿ ಬಂದದ್ದು ಮೆಕ್‌ಡೊನಾಲ್ಡ್ ಹೆಸರಲ್ಲಿ. 1951ರ ‘ದ ಗ್ರೀನ್ ಹಿಲ್ಸ್ ಆಫ್ ಅರ್ಥ್’ ಸಂಕಲನಕ್ಕೆ ಸೇರಿಸಿದರು, ಅಲ್ಲಿಂದ ಇಲ್ಲಿಗೂ ಬಂತು. ಹೆಸರಿನ ಈ ಸುಳಿವು ಒಳ್ಳೆಯ ಜರಡಿ, ಆದರೆ ಕಣ್ಣು ಮುಚ್ಚಿ ನಂಬುವಂಥದ್ದಲ್ಲ: ‘ಲೆಟ್ ದೇರ್ ಬಿ ಲೈಟ್’ ಇನ್ನೊಂದು ಪತ್ರಿಕೆಯಲ್ಲಿ ಲೈಲ್ ಮನ್ರೋ ಎಂಬ ಮತ್ತೊಂದು ಗುಪ್ತನಾಮದಲ್ಲಿ ಬಂದಿತ್ತು.

‘ದ ಲಾಂಗ್ ವಾಚ್’ ಪ್ರಕರಣ ಇನ್ನೂ ಸಿಕ್ಕಾಗಿದೆ. ಚಂದ್ರನ ಮೇಲಿನ ಅಣುಬಾಂಬುಗಳ ಕಾವಲಿನಲ್ಲಿ ಪ್ರಾಣ ಕೊಡುವ ಡಾಲ್ಕ್ವಿಸ್ಟ್‌ನ ಹೆಸರನ್ನು ಹಾಜರಿ ಕರೆಯುವಾಗ ಸತ್ತಮೇಲೂ ಕೂಗುವುದು 1948ರ ‘ಸ್ಪೇಸ್ ಕ್ಯಾಡೆಟ್’ ಕಾದಂಬರಿಯಲ್ಲಿ. ಆ ಕಾದಂಬರಿ ಈ ಸರಣಿಯದಲ್ಲ. ನಂಟು ಆ ಕಡೆ, ವಾಸ ಈ ಕಡೆ. ಕಥೆ ಚೆನ್ನಾಗಿದೆ, ಓದಿ. ಸರಣಿಯ ಲೆಕ್ಕದಿಂದ ಮಾತ್ರ ಬಿಟ್ಟುಬಿಡಿ. ‘ಸರ್ಚ್‌ಲೈಟ್’ 1962ರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ ಜಾಹೀರಾತಿಗೆ ಬರೆದುಕೊಟ್ಟ ಪುಟ್ಟ ಕಥೆ, ಚಂದ್ರನ ವಿಳಾಸವೊಂದೇ ಅದರ ಅರ್ಹತೆ. ‘ದ ಮೆನೇಸ್ ಫ್ರಮ್ ಅರ್ಥ್’ಗೂ ಅಷ್ಟೇ ಎನ್ನಬಹುದು, ಆದರೆ ಕಡಿಮೆ ಗುರುತ್ವದಲ್ಲಿ ರೆಕ್ಕೆ ಕಟ್ಟಿಕೊಂಡು ಹಾರುವ ಲೂನಾ ಸಿಟಿಯ ಹುಡುಗಿಯನ್ನು ಹೊರಗೆ ಕಳಿಸಲು ಮನಸ್ಸು ಬರುವುದಿಲ್ಲ. ಅದು ಯಾವುದಕ್ಕೂ ವಿರೋಧವಾಗಿಯೂ ಇಲ್ಲ.

ಸರಿಯಾದ ಹೊಲಿಗೆ ಹೇಗಿರುತ್ತದೆ ಎಂಬುದಕ್ಕೂ ಇದೇ ಪುಸ್ತಕದಲ್ಲಿ ಮಾದರಿ ಇದೆ. ಮೊದಲ ಕಥೆ ‘ಲೈಫ್‌ಲೈನ್’ 1939ರ ಆಗಸ್ಟ್‌ನದು, ಸಾಯುವ ದಿನ ಹೇಳುವ ಪಿನೆರೋನ ಯಂತ್ರದ್ದು. ಸರಣಿಗೂ ಅದಕ್ಕೂ ಏನು ಸಂಬಂಧ ಎನಿಸುತ್ತದೆ. ಕೊನೆಯ ‘ಮೆಥೂಸಲಾಸ್ ಚಿಲ್ಡ್ರನ್’ಗೆ ಬಂದಾಗ ತಿಳಿಯುತ್ತದೆ: ಶತಮಾನಗಟ್ಟಲೆ ಬದುಕುವ ಲಾಜರಸ್ ಲಾಂಗ್‌ನನ್ನು ಪರೀಕ್ಷಿಸಿದ ಪಿನೆರೋ ತನ್ನ ಯಂತ್ರವೇ ಕೆಟ್ಟಿದೆ ಎಂದುಕೊಂಡು ಸಾಗಹಾಕಿದ್ದ. ಒಂದೇ ಸಾಲಿನ ತಮಾಷೆ, ಎರಡು ತುದಿಯೂ ಬಿಗಿ. ‘ಮಿಸ್‌ಫಿಟ್’ನ ಲೆಕ್ಕದ ಮಾಂತ್ರಿಕ ಲಿಬಿ ಕೂಡ ಅಲ್ಲಿ ಮತ್ತೆ ಬಂದು ಕೆಲಸ ಮಾಡುತ್ತಾನೆ, ಬರೀ ಮುಖ ತೋರಿಸಿ ಹೋಗುವುದಿಲ್ಲ.

ಜೋಡಣೆಯಲ್ಲಿ ಹೊಗಳಲೇಬೇಕಾದ ಜಾಗ ಉದ್ಯಮಿ ಹ್ಯಾರಿಮನ್‌ದು. ಚಂದ್ರನ ಮೇಲೆ ಸಾಯುವ ಮುದುಕನ ಕಥೆ ‘ರಿಕ್ವಿಯಮ್’ ಬಂದದ್ದು 1940ರಲ್ಲಿ. ಅವನು ಚಂದ್ರಯಾನದ ವ್ಯಾಪಾರ ಕಟ್ಟಿದ ‘ದ ಮ್ಯಾನ್ ಹೂ ಸೋಲ್ಡ್ ದ ಮೂನ್’ ಹತ್ತು ವರ್ಷ ಆದಮೇಲೆ. ಸಂಪುಟದಲ್ಲಿ ವ್ಯಾಪಾರದ ಕಥೆ ಮೊದಲು, ‘ರಿಕ್ವಿಯಮ್’ ಆಮೇಲೆ. ನಡುವೆ ಅಂತರಿಕ್ಷ ನಿಲ್ದಾಣ ಕಟ್ಟುವವರದೊಂದು, ಮಾಮೂಲಿ ಪಾಳಿಯ ಪೈಲಟ್‌ನದೊಂದು ಸಣ್ಣ ಕಥೆ. ಅಷ್ಟರಲ್ಲಿ ಚಂದ್ರ ದಿನದ ದಾರಿಯಾಗಿರುತ್ತದೆ, ದಾರಿ ಹಾಕಿದವನೊಬ್ಬನಿಗೆ ಮಾತ್ರ ಹೋಗಲು ಆಗಿರುವುದಿಲ್ಲ. ಈ ಸಂಕಟವನ್ನು ಬರೆದ ಕ್ರಮದಲ್ಲಿ ಓದಿದವರಿಗೆ ದಕ್ಕದು.

ಪಠ್ಯದ ಬಗ್ಗೆಯೂ ಎಚ್ಚರ ಬೇಕು. ಕಥೆಯ ಪಕ್ಕದ ಇಸವಿ ನೋಡಿ ಮೋಸಹೋಗಬಾರದು. ‘ಬ್ಲೋಅಪ್ಸ್ ಹ್ಯಾಪನ್’ 1940ರದಾದರೂ ಅಣುಬಾಂಬು ಬಿದ್ದಮೇಲೆ 1946ರಲ್ಲಿ ತಿದ್ದಿದ್ದಾರೆ. ಮೂಲ ರೂಪ ಬೇಕಾದವರು 1980ರ ‘ಎಕ್ಸ್‌ಪಾಂಡೆಡ್ ಯೂನಿವರ್ಸ್’ ನೋಡಬೇಕು. ‘ಮೆಥೂಸಲಾಸ್ ಚಿಲ್ಡ್ರನ್’ 1941ರ ಧಾರಾವಾಹಿ, 1958ರಲ್ಲಿ ಹಿಗ್ಗಿ ಕಾದಂಬರಿಯಾಯಿತು.

ಹೊರಗುಳಿದ ಇನ್ನೊಂದು ಜೋಡಿ ‘ಯೂನಿವರ್ಸ್’ ಮತ್ತು ‘ಕಾಮನ್ ಸೆನ್ಸ್’. ತಲೆಮಾರುಗಳ ಕಾಲ ಸಾಗುವ ವ್ಯಾನ್‌ಗಾರ್ಡ್ ಹಡಗಿನ ಕಥೆ. ಲಾಜರಸ್ ಕದ್ದೊಯ್ಯುವ ‘ನ್ಯೂ ಫ್ರಾಂಟಿಯರ್ಸ್’ ಅದರ ನಂತರದ ಹಡಗು, ಹಾಗಾಗಿ ಇವೂ ಸಲ್ಲುತ್ತವೆ. 1963ರಲ್ಲಿ ‘ಆರ್ಫನ್ಸ್ ಆಫ್ ದ ಸ್ಕೈ’ ಎಂದು ಬೇರೆ ಪುಸ್ತಕವಾಗಿ ಬಂದಿದ್ದವು. 1973ರ ‘ಟೈಮ್ ಇನಫ್ ಫಾರ್ ಲವ್’ವರೆಗೂ ಎಳೆ ಹಿಡಿದು ಹೋಗಬಹುದು. ಆಮೇಲಿನ ಕಾದಂಬರಿಗಳಲ್ಲಿ ಎಲ್ಲ ಲೋಕಗಳೂ ಒಂದರೊಳಗೊಂದು ನುಗ್ಗುತ್ತವೆ, ಅಲ್ಲಿ ಸಲ್ಲುವುದು ಸಲ್ಲದ್ದು ಎಂಬ ಪ್ರಶ್ನೆಗೇ ಅರ್ಥವಿಲ್ಲ.

ಕೊಳ್ಳುವವರು ಮೊದಲು ಪರಿವಿಡಿಯಲ್ಲಿ 21 ಹೆಸರಿವೆಯೇ ಎಣಿಸಿ. ಜೊತೆಗೆ ‘ಆರ್ಫನ್ಸ್’ ಬೇಕು. ಕಾಣೆಯಾದ ‘ಲೆಟ್ ದೇರ್ ಬಿ ಲೈಟ್’ಗಾಗಿ 1950ರ ‘ದ ಮ್ಯಾನ್ ಹೂ ಸೋಲ್ಡ್ ದ ಮೂನ್’ ಸಂಕಲನ ಹುಡುಕಿ. ಅದರ ಕೆಲವು ಪೇಪರ್‌ಬ್ಯಾಕ್ ಮುದ್ರಣಗಳಲ್ಲಿ ‘ಲೈಫ್‌ಲೈನ್’, ‘ಬ್ಲೋಅಪ್ಸ್ ಹ್ಯಾಪನ್’ ಇರುವುದಿಲ್ಲ. ಅವೆರಡೂ ದೊಡ್ಡ ಸಂಪುಟದಲ್ಲಿ ಇರುವುದರಿಂದ ಅಗ್ಗದ ಹಳೆ ಪ್ರತಿಯೇ ಸಾಕು.