ವಂಶಾವಳಿ ತೆಗೆದು ಕೊಡ್ತೀವಿ ಅನ್ನೋರಿಗೆ ರೊಕ್ಕ ಹಾಕಬ್ಯಾಡ್ರಿ, ನಾ 18 ಸಾವಿರ ಕಳಕೊಂಡೀನಿ

ಸಿಟ್ಟೂ ಐತಿ, ನಾಚಿಕೀನೂ ಐತಿ, ಬರದದ್ದು ಹಿಂದ-ಮುಂದ ಆದ್ರ ಹೊಂದಿಸ್ಕೊಂಡು ಓದ್ರಿ.

ನಮ್ದು ಬಾಗಲಕೋಟಿ ಕಡೆ ಹಳ್ಳಿ. 1876-78ರ ಬರದಾಗ ನಮ್ಮ ಮುತ್ತ್ಯಾನ ದೊಡ್ಡಪ್ಪ ಸೊಲ್ಲಾಪುರಕ್ಕ ಹೋದ್ರಂತ, ಅಲ್ಲಿ ಆಗಷ್ಟ ಮಿಲ್ಲು ಸುರು ಆಗಿತ್ತು, ಆಮ್ಯಾಲ ಸುದ್ದೀನ ಇಲ್ಲ. ಆ ಮನೆತನ ಹುಡುಕಬೇಕಂತ ನಂಗ ಭಾಳ ದಿನದ ಹುಚ್ಚು. ವಾಟ್ಸಾಪಿನ್ಯಾಗ ಒಬ್ಬಾಂವ ಸಿಕ್ಕ. "ಏಳು ತಲೆಮಾರು ತೆಗೆದು ಕೊಡ್ತೀವಿ ಸರ್, ಮಹಾರಾಷ್ಟ್ರದ ರೆಕಾರ್ಡ್ ಎಲ್ಲಾ ಇದೆ" ಅಂದ. ಅರ್ಧ ಅಡ್ವಾನ್ಸ್ ಕೇಳಿದ್ದ, ನಾ ಶಾಣ್ಯಾ, ಪೂರ್ತಿ ಹಾಕ್ದೆ.

ಪಿಡಿಎಫ್ ಬಂತು. ಪ್ರಿಂಟ್ ಹೊಡಿಸಿ, ಫ್ರೇಮ್ ಹಾಕಿಸಿ ಜಾತ್ರಿಗೆ ಊರಿಗೆ ಒಯ್ದೆ. ಪಡಸಾಲಿ ತುಂಬ ಮಂದಿ. ನಮ್ಮ ದೊಡ್ಡಪ್ಪ ರಿಟೈರ್ಡ್ ಮಾಸ್ತರು, ಚಾಳೀಸು ಏರಿಸಿ ನೋಡಿದ್ರು, "ತಮ್ಮಾ, 1872ರ ಕಾಗದ ಅಂತೀ, ಬಿಜಾಪುರ ಜಿಲ್ಲಾ ಅಂತ ಐತಲ್ಲೋ, ಆವಾಗ ಜಿಲ್ಲಾ ಕಲಾದಗಿ, ಬಿಜಾಪುರಕ್ಕ ಹೋಗಿದ್ದು 1885ರಾಗ" ಅಂದ್ರು. ಯಾರೂ ಮಾತಾಡಲಿಲ್ಲ. ಒಬ್ಬ ಹುಡುಗ ಮಾತ್ರ ಕಿಸಕ್ಕಂತ ನಕ್ಕ. ಆಮ್ಯಾಲ ನಾನೂ ಸರಿಯಾಗಿ ನೋಡ್ದೆ, ಒಂದನೇ ಪುಟದ ಮೂಲ್ಯಾಗ ಚಾದ ಕಲೆ, ಮೂರನೇ ಪುಟದಾಗೂ ಅದೇ ಕಲೆ, ಅದೇ ಮೂಲಿ! ನಮ್ಮ ಕಡೆ ಮುಂಬೈ ಸರಕಾರದ ಹಳೇ ಕಾಗದ ಅಂದ್ರ ಭಾಳಷ್ಟು ಮೋಡಿ ಲಿಪಿ, ಅಂದ್ರ ಮರಾಠಿ ಬರೀತಿದ್ದ ಹಳೇ ಕೈಬರಹ, ಇರ್ತೈತಿ, ಇದು ನೋಡಿದ್ರ ಕಂಪ್ಯೂಟರ್ ಅಕ್ಷರ.

ಫೋನ್ ಹಚ್ಚಿದೆ. ಜಿಲ್ಲಾ ಹೆಸರು? "ಅದು ಆಗಿನ ಕ್ಲರ್ಕ್ ಮಿಸ್ಟೇಕ್ ಸರ್." 1872ರ ಕ್ಲರ್ಕಿಗೆ 1885ರದ್ದು ಹೆಂಗ ಗೊತ್ತಾತೋ ಮಾರಾಯ. ಮೋಡಿ? "ಡಿಜಿಟಲ್ ಮಾಡಿದೀವಿ ಸರ್." ಕಲೆ? "ಸ್ಕ್ಯಾನರ್ ಗ್ಲಾಸ್ ಮೇಲಿತ್ತು ಸರ್." ಹಂಗಾದ್ರ ಎರಡನೇ ಪುಟದಾಗ ಯಾಕಿಲ್ಲ? ಆಗ ಬಂತು ನೋಡ್ರಿ, "ನಿಮ್ಮ ವಂಶ ನಿಮಗೇ ಗೊತ್ತಿಲ್ಲ, ನಮ್ಮನ್ನ ಕೇಳ್ತೀರಾ?" ಅಂದು ನನ್ನ ನಂಬರ್ ಬ್ಲಾಕ್ ಮಾಡ್ದ. ನನ್ನ ರೊಕ್ಕ ತಿಂದು ನನಗs ಈ ಮಾತು!

ಇದಕ್ಕಿಂತ ಹೊಟ್ಟಿ ಉರಿಯೂದು ಅಂದ್ರ, ಸುಗ್ಗಿ ಮುಗದ ಮ್ಯಾಲ ನಮ್ಮ ಮನಿ ಹೆಳವ ಬಂದ, ಅಂದ್ರ ಮನೆತನದ ವಂಶಾವಳಿ ಬರದಿಟ್ಟು, ಊರೂರು ತಿರುಗಿ ಓದಿ ಹೇಳಾಂವ. ಎತ್ತಿನ ಮ್ಯಾಲ ಅಲ್ಲ, ಈಗ ಬೈಕ್ ಮ್ಯಾಲ. ಬಟ್ಟಿ ಗಂಟು ಬಿಚ್ಚಿ ಪುಸ್ತಕ ತಗದು ಸೊಲ್ಲಾಪುರಕ್ಕ ಹೋದವರ ಹೆಸರು, ಅವರ ಮೂರು ಮಕ್ಕಳ ಹೆಸರು ಸರಾಗ ಓದಿದ. ಫ್ರೇಮಿನ್ಯಾಗಿನ ಒಂದ ಹೆಸರೂ ಕೂಡಲಿಲ್ಲ. ಹಿಂದಿನ ಸಲ ಅವ ಬಂದಾಗ ಈ ಕಾಲದಾಗ ಇದೇನು ಅಜ್ಜಾ ಅಂತ ನೂರು ರೂಪಾಯಿ ಕೊಟ್ಟು ಸಾಗಹಾಕಿದಾಂವ ನಾನs.

ಯಾವ ಕಚೇರಿ, ಯಾವ ನಂಬರಿನ ದಾಖಲೆ ಅಂತ ಹೇಳದಿದ್ರ ಒಂದ ಪೈಸೆ ಹಾಕಬ್ಯಾಡ್ರಿ. ಹೆಳವರು ಬರೋ ಮನಿ ಇದ್ರ ಮೊದ್ಲ ಅವರನ್ನ ಕೂಡಿಸಿ ಕೇಳ್ರಿ.

ಫ್ರೇಮ್ ಈಗ ಅಟ್ಟದ ಮ್ಯಾಲ ಐತಿ. ಅದಕ್ಕ 2,200 ಬ್ಯಾರೆ ಕೊಟ್ಟೀನಿ.