ಡ್ರೈಯರ್ ಬಿಸಿಯಾಗದಿದ್ದರೆ ತರಿಸುವ ಐದು ಭಾಗಗಳ ಕಿಟ್: ಯಾವುದನ್ನು ಹಾಕಬೇಕು, ಯಾವುದು ಡಬ್ಬಿಯಲ್ಲೇ ಇರಲಿ

ವರ್ಲ್‌ಪೂಲ್ ತಯಾರಿಸಿದ 29 ಇಂಚಿನ ಎಲೆಕ್ಟ್ರಿಕ್ ಡ್ರೈಯರ್‌ಗಳು, ಅದರಲ್ಲೂ ಬಟ್ಟೆಯಿಂದ ಉದುರುವ ಜುಂಗು ಹಿಡಿಯುವ ಜಾಲರಿಯನ್ನು ಮೇಲಿನಿಂದ ಎಳೆದು ತೆಗೆಯುವ ಮಾದರಿಗಳು, ಉತ್ತರ ಅಮೆರಿಕದ ಮನೆಗಳಲ್ಲಿ ಇನ್ನೂ ಸಾಕಷ್ಟು ಓಡುತ್ತಿವೆ. ಕೆನ್‌ಮೋರ್ ಹೆಸರಿನಲ್ಲಿ ಮಾರಾಟವಾದ ಅನೇಕ ಮೆಷಿನ್‌ಗಳ ಒಳಗೂ ಇದೇ ಸಾಮಾನು. ಡ್ರಮ್ ತಿರುಗುತ್ತಿದ್ದರೂ ಬಟ್ಟೆ ಒಣಗದಿದ್ದಾಗ ಜನ ತರಿಸುವುದು ಐದು ಭಾಗಗಳ ಒಂದು ಕಿಟ್. ಅದರಲ್ಲಿ 279838 ನಂಬರಿನ ಹೀಟಿಂಗ್ ಎಲಿಮೆಂಟ್, 3977767 ಹೈ ಲಿಮಿಟ್ ಥರ್ಮೋಸ್ಟಾಟ್, 3977393 ಥರ್ಮಲ್ ಕಟ್ ಆಫ್, 3392519 ಥರ್ಮಲ್ ಫ್ಯೂಸ್ ಮತ್ತು 3387134 ಸೈಕ್ಲಿಂಗ್ ಥರ್ಮೋಸ್ಟಾಟ್ ಇರುತ್ತವೆ. ಎಲಿಮೆಂಟ್ ಎಂದರೆ ಗಾಳಿಯನ್ನು ಕಾಯಿಸುವ ಕಾಯಿಲ್, ಉಳಿದ ನಾಲ್ಕು ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಸಣ್ಣ ಭಾಗಗಳು. ಮೂಲ ಕಂಪನಿಯದ್ದಲ್ಲದ, ಅದೇ ಅಳತೆಗೆ ಮಾಡಿದ ಕಿಟ್‌ಗಳೇ ಹೆಚ್ಚಾಗಿ ಸಿಗುತ್ತವೆ. ಈ ವಿಮರ್ಶೆ ಅವುಗಳ ಬಗ್ಗೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಎಲಿಮೆಂಟ್ ಸುಟ್ಟಿದ್ದರೆ ಕಿಟ್ ತರಿಸುವುದು ಸರಿಯಾದ ನಿರ್ಧಾರ. ಕೇವಲ ಫ್ಯೂಸ್ ಹೋಗಿದ್ದರೆ ಐದನ್ನೂ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಇನ್ನು ಗಾಳಿ ಹೋಗುವ ಕೊಳವೆ ಕಟ್ಟಿಕೊಂಡಿದ್ದರೆ, ಐದು ಭಾಗಗಳೂ ಹೊಸದಾದರೂ ಕೆಲವೇ ವಾರದಲ್ಲಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತೀರಿ.

ಕಿಟ್ ತರಿಸುವ ಮೊದಲು ಕರೆಂಟ್ ನೋಡಿ. ಈ ಮೆಷಿನ್‌ಗಳಲ್ಲಿ ಮೋಟರ್ ಓಡುವುದು 120 ವೋಲ್ಟ್‌ನಲ್ಲಿ, ಎಲಿಮೆಂಟ್ ಕಾಯುವುದು 240 ವೋಲ್ಟ್‌ನಲ್ಲಿ. ಎರಡು ಲೈವ್ ತಂತಿಗಳಲ್ಲಿ ಒಂದು ತಪ್ಪಿದರೂ ಡ್ರಮ್ ಎಂದಿನಂತೆ ತಿರುಗುತ್ತಿರಬಹುದು, ಬಿಸಿ ಮಾತ್ರ ಇರುವುದಿಲ್ಲ. ಎರಡೂ ಲೈವ್‌ಗಳನ್ನು ಕಾಯುವ ಜೋಡಿ ಬ್ರೇಕರ್‌ನಲ್ಲಿ (ಡಬಲ್ ಪೋಲ್) ಒಂದು ಬದಿ ಮಾತ್ರ ಕೈಕೊಟ್ಟಿರುವುದು ಹೊರಗಿನಿಂದ ಕಾಣುವುದಿಲ್ಲ. ಅದನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಆಮೇಲೆ ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ಗೆ ಇಟ್ಟು ಗೋಡೆಯ ಸಾಕೆಟ್‌ನಲ್ಲಿ ಅಳೆಯಿರಿ: ಎರಡು ಲೈವ್ ರಂಧ್ರಗಳ ನಡುವೆ ಸುಮಾರು 240, ಪ್ರತಿ ಲೈವ್‌ನಿಂದ ನ್ಯೂಟ್ರಲ್‌ಗೆ ಸುಮಾರು 120 ಬರಬೇಕು. ಕರೆಂಟ್ ಇರುವಾಗಲೇ ಮೀಟರ್‌ನಿಂದ ಮಾಡುವ ಅಳತೆ ಇದೊಂದೇ. ಅಭ್ಯಾಸವಿಲ್ಲದವರು ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಲಿ. ಮೀಟರ್‌ನ ಮುಂದಿನ ಎಲ್ಲ ಪರೀಕ್ಷೆಯೂ, ತಗಡು ಬಿಚ್ಚುವ ಕೆಲಸವೂ ಪ್ಲಗ್ ಕಿತ್ತ ಮೇಲೆ. ಹಾಗೆಯೇ ಮೆಷಿನ್ ಹಿಂದೆ ಕೇಬಲ್ ಬಂದು ಸೇರುವ ಟರ್ಮಿನಲ್ ಬ್ಲಾಕ್ ಕರಕಲಾಗಿದೆಯೇ ಎಂದೂ ನೋಡಿ. ಸ್ಕ್ರೂ ಸಡಿಲವಾದರೆ ಅಲ್ಲೇ ಕಾದು, ಪ್ಲಾಸ್ಟಿಕ್ ಕರಗಿ, ಒಂದು ಲೈವ್ ಅಲ್ಲಿಗೇ ನಿಲ್ಲುತ್ತದೆ.

ಹಿಂದಿನ ತಗಡನ್ನು ಬಿಚ್ಚಲು 1/4 ಮತ್ತು 5/16 ಇಂಚಿನ ನಟ್ ಡ್ರೈವರ್‌ಗಳು ಸಾಕು. ತಗಡಿನ ಅಂಚು ಬ್ಲೇಡಿನಷ್ಟು ಹರಿತ, ಕೈಗವಸು ಹಾಕಿಕೊಳ್ಳಿ. ತೆರೆದರೆ ಬಲಗಡೆ ಉದ್ದನೆಯ ತಗಡಿನ ಪೆಟ್ಟಿಗೆ ಕಾಣುತ್ತದೆ. ಎಲಿಮೆಂಟ್ ಇರುವುದು ಅದರೊಳಗೆ. ಕೆಳಗೆ ಎಲಿಮೆಂಟಿನ ಎರಡು ಟರ್ಮಿನಲ್, ಪಕ್ಕದಲ್ಲೇ ಹೈ ಲಿಮಿಟ್, ಪೆಟ್ಟಿಗೆಯ ಮೇಲ್ಭಾಗದಲ್ಲಿ ಕಟ್ ಆಫ್. ಫ್ಯೂಸ್ ಮತ್ತು ಸೈಕ್ಲಿಂಗ್ ಥರ್ಮೋಸ್ಟಾಟ್ ಕೆಳಗೆ, ಗಾಳಿ ಹೊರತಳ್ಳುವ ಫ್ಯಾನ್ ಅಂದರೆ ಬ್ಲೋವರ್‌ನ ಹೊದಿಕೆಯ ಮೇಲೆ. ಯಾವುದೇ ತಂತಿ ಮುಟ್ಟುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ.

ಎಲಿಮೆಂಟ್‌ನ ಎರಡೂ ತಂತಿ ಕಿತ್ತು ಓಮ್‌ನಲ್ಲಿ ಅಳೆದರೆ 8ರಿಂದ 12ರೊಳಗೆ ಬರಬೇಕು. 5400 ವಾಟ್, 240 ವೋಲ್ಟ್ ಎಂದರೆ ಲೆಕ್ಕಕ್ಕೆ 10.7 ಓಮ್. ಮೀಟರ್ ಅನಂತ ತೋರಿಸಿದರೆ ಕಾಯಿಲ್ ತುಂಡಾಗಿದೆ. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ, ನಿಲ್ಲಿಸಬಾರದು. ಒಂದು ಟರ್ಮಿನಲ್‌ನಿಂದ ತಗಡಿನ ಪೆಟ್ಟಿಗೆಗೂ ಅಳೆಯಬೇಕು. ಅಲ್ಲಿ ಯಾವ ಸಂಪರ್ಕವೂ ಇರಕೂಡದು. ಕಾಯಿಲ್ ಜೋತುಬಿದ್ದು ತಗಡಿಗೆ ತಾಗಿದರೆ, ಕರೆಂಟ್ ಥರ್ಮೋಸ್ಟಾಟ್‌ಗಳನ್ನು ಬಿಟ್ಟು ಅಡ್ಡದಾರಿಯಲ್ಲಿ ಹರಿದು, ಬಿಸಿ ನಿಲ್ಲಬೇಕಾದಾಗಲೂ ನಿಲ್ಲದೇ ಹೋಗಬಹುದು. ಬಟ್ಟೆ ಸುಡುವಷ್ಟು ಕಾಯುವ, ಪದೇ ಪದೇ ಫ್ಯೂಸ್ ಹಾರಿಸುವ ಮೆಷಿನ್‌ಗಳಲ್ಲಿ ಇದೇ ಕಳ್ಳ ಇರುತ್ತಾನೆ. ಕಿಟ್‌ನಲ್ಲಿ ಎಲಿಮೆಂಟೇ ಅತ್ಯಂತ ಉಪಯೋಗದ ವಸ್ತು. ತೂಕದಲ್ಲಿ, ಹೊಂದಿಕೆಯಲ್ಲಿ ಸಾಮಾನ್ಯವಾಗಿ ತಕರಾರಿಲ್ಲ. ಆದರೂ ಹಾಕುವ ಮೊದಲು ಕಾಯಿಲ್‌ನ ಸುತ್ತುಗಳು ಪಿಂಗಾಣಿ ಬೆಂಬಲಗಳಲ್ಲಿ ಸರಿಯಾಗಿ ಕೂತಿವೆಯೇ, ಸಾಗಣೆಯಲ್ಲಿ ಪಿಂಗಾಣಿ ಒಡೆದಿದೆಯೇ ಎಂದು ನೋಡಿ, ಓಮ್ ಅಳೆದೇ ಹಾಕಿ.

ಉಳಿದ ನಾಲ್ಕು ಸಣ್ಣ ಭಾಗಗಳು ತಣ್ಣಗಿದ್ದಾಗ ಕಂಟಿನ್ಯುಟಿ ತೋರಿಸಬೇಕು, ಅಂದರೆ ಮೀಟರ್ ಬೀಪ್ ಎನ್ನಬೇಕು. ಪ್ರತಿಯೊಂದರ ಕೆಲಸ ಬೇರೆ. ಸೈಕ್ಲಿಂಗ್ ಥರ್ಮೋಸ್ಟಾಟ್ ಹೊರಹೋಗುವ ಗಾಳಿ ಸುಮಾರು 68 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಎಲಿಮೆಂಟ್ ಆರಿಸಿ, 54ರ ಸುಮಾರಿಗೆ ಇಳಿದಾಗ ಮತ್ತೆ ಹಚ್ಚುತ್ತದೆ. ಇದಕ್ಕೆ ನಾಲ್ಕು ಟರ್ಮಿನಲ್. ದೊಡ್ಡ ಎರಡರ ನಡುವೆ ಬೀಪ್ ಬರಬೇಕು, ಸಣ್ಣ ಎರಡರ ನಡುವೆ ಒಳಗಿನ ಪುಟ್ಟ ಹೀಟರ್‌ನ ಸಾವಿರಾರು ಓಮ್ ಕಾಣುವುದು ಸಹಜ, ಅದನ್ನು ದೋಷವೆಂದು ಎಣಿಸಬೇಡಿ. ಹೈ ಲಿಮಿಟ್ 121 ಡಿಗ್ರಿಗೆ ತೆರೆದು (ಅಂದರೆ ಕರೆಂಟಿನ ದಾರಿ ಕಡಿದು), ತಣಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಫ್ಯೂಸ್ 91 ಡಿಗ್ರಿಗೆ, ಕಟ್ ಆಫ್ ಸುಮಾರು 178 ಡಿಗ್ರಿಗೆ ಒಮ್ಮೆ ತೆರೆದರೆ ಮುಗಿಯಿತು, ಮತ್ತೆ ಜೀವ ಬರುವುದಿಲ್ಲ. ಲಕ್ಷಣವೂ ಬೇರೆ: ಈ ಸಾಲಿನ ಹೆಚ್ಚಿನ ಮಾಡೆಲ್‌ಗಳಲ್ಲಿ ಫ್ಯೂಸ್ ಹೋದರೆ ಸ್ಟಾರ್ಟ್ ಒತ್ತಿದರೂ ಮೋಟರ್ ಏಳುವುದೇ ಇಲ್ಲ, ಕಟ್ ಆಫ್ ಹೋದರೆ ಮೋಟರ್ ಓಡುತ್ತದೆ, ಬಿಸಿ ಇರುವುದಿಲ್ಲ. ಡ್ರಮ್ ಚೆನ್ನಾಗಿ ತಿರುಗುತ್ತಿರುವಾಗ ಬ್ಲೋವರ್ ಮೇಲಿನ ಫ್ಯೂಸ್ ಅನ್ನೇ ಶಂಕಿಸುವುದು ದಂಡ.

ಐದಕ್ಕೂ ಬೀಪ್ ಬಂದು, ಸಾಕೆಟ್‌ನಲ್ಲಿ 240 ಇದ್ದೂ ಬಿಸಿ ಇಲ್ಲವೆಂದರೆ ಕಿಟ್ ನಿಮಗೆ ಬೇಡವೇ ಬೇಡ. ಆಗ ನೋಡಬೇಕಾದ್ದು ಟೈಮರ್‌ನ ಕಾಂಟ್ಯಾಕ್ಟ್‌ಗಳನ್ನು ಮತ್ತು ಮೋಟರ್ ಮೇಲಿನ ಸೆಂಟ್ರಿಫ್ಯೂಗಲ್ ಸ್ವಿಚ್ಚನ್ನು. ಮೋಟರ್ ವೇಗ ಹಿಡಿದ ಮೇಲೆ ಮಾತ್ರ ಎಲಿಮೆಂಟ್‌ಗೆ ದಾರಿ ಬಿಡುವುದು ಆ ಸ್ವಿಚ್ಚೇ.

ಬದಲಿ ಕಿಟ್‌ಗಳ ದೌರ್ಬಲ್ಯ ಇರುವುದು ಈ ಸಣ್ಣ ಭಾಗಗಳಲ್ಲೇ. ತಣ್ಣಗಿದ್ದಾಗ ಬೀಪ್ ಎನ್ನುವುದು ಸುಲಭ, ಸರಿಯಾದ ಡಿಗ್ರಿಗೆ ತೆರೆಯುವುದು ಕಷ್ಟ. ಮೀಟರ್ ಇದನ್ನು ಹೇಳುವುದಿಲ್ಲ. ಆದ್ದರಿಂದ ನಮ್ಮ ಸಲಹೆ ಹೀಗೆ: ಮೆಷಿನ್‌ನಲ್ಲಿರುವ ಮೂಲ ಸೈಕ್ಲಿಂಗ್ ಥರ್ಮೋಸ್ಟಾಟ್ ಸರಿಯಿದ್ದರೆ ಅದನ್ನೇ ಉಳಿಸಿಕೊಳ್ಳಿ, ಕಿಟ್‌ನದ್ದು ಡಬ್ಬಿಯಲ್ಲಿರಲಿ. ಕಟ್ ಆಫ್ ಹೋಗಿದ್ದರೆ ಹೈ ಲಿಮಿಟ್ ಅನ್ನೂ ಜೊತೆಗೇ ಬದಲಿಸಿ. ಕಟ್ ಆಫ್ ಹಾರುವ ಹಂತಕ್ಕೆ ಬಿಸಿ ಏರಿತೆಂದರೆ ಅದಕ್ಕೂ ಮೊದಲು ತೆರೆಯಬೇಕಿದ್ದ ಹೈ ಲಿಮಿಟ್ ಕೆಲಸ ತಪ್ಪಿಸಿರಬಹುದು. ಕಂಪನಿ 279816 ಎಂಬ ಒಂದೇ ನಂಬರಿನಲ್ಲಿ ಎರಡನ್ನೂ ಜೋಡಿಯಾಗಿ ಕೊಡುವುದೂ ಅದಕ್ಕೇ. ಫ್ಯೂಸಿನ ಎರಡು ತಂತಿಗಳನ್ನು ನೇರ ಜೋಡಿಸಿ ಮೆಷಿನ್ ಓಡಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಜುಂಗು ತುಂಬಿದ ತಗಡಿನ ಪೆಟ್ಟಿಗೆಯೊಳಗೆ 5400 ವಾಟ್ ಉರಿಯುತ್ತಿರುವಾಗ ಒಬ್ಬ ಕಾವಲುಗಾರನನ್ನು ಮನೆಗೆ ಕಳಿಸಿದಂತೆ ಅದು. ಮಾಡಲೇಬೇಡಿ.

ಈಗ ಫ್ಯೂಸ್ ಏಕೆ ಹೋಯಿತು ಎಂಬ ಪ್ರಶ್ನೆ. ಕಿಟ್‌ನ ಚೀಟಿಯಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ, ಕೆಟ್ಟ ವಿಮರ್ಶೆಗಳಲ್ಲಿ ‘ಎರಡೇ ವಾರಕ್ಕೆ ಸುಟ್ಟುಹೋಯಿತು’ ಎಂಬ ದೂರುಗಳ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಎಲಿಮೆಂಟ್‌ನ ಬಿಸಿಯನ್ನು ಹೊತ್ತೊಯ್ಯುವುದು ಗಾಳಿ. ಗಾಳಿ ಮಂದವಾದರೆ ಪೆಟ್ಟಿಗೆಯೊಳಗೆ ಬಿಸಿ ಕೂಡಿ, ಹೈ ಲಿಮಿಟ್ ಪದೇ ಪದೇ ತೆರೆದು ಮುಚ್ಚಿ, ಕಾಯಿಲ್ ಕೆಂಪಗಾಗಿ ತಣಿದು ಮತ್ತೆ ಕೆಂಪಗಾಗಿ ಕೊನೆಗೆ ತುಂಡಾಗುತ್ತದೆ. ಮೊದಲು ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಸರಾಗವಾಗಿ ಇಳಿಯದೆ ಮೇಲೆ ನಿಂತರೆ, ಬಟ್ಟೆ ಮೃದುಮಾಡುವ ಹಾಳೆಗಳ ಮೇಣ ಅಂಟಿದೆ ಎಂದರ್ಥ. ಬಿಸಿನೀರು, ಸೋಪು, ಮೆತ್ತನೆಯ ಬ್ರಷ್ ಸಾಕು. ಆಮೇಲೆ 4 ಇಂಚಿನ ಹೊರಕೊಳವೆ. ಅದನ್ನು ಕಳಚಿ, ಖಾಲಿ ಡ್ರೈಯರ್ ಓಡಿಸಿ ಹಿಂದಿನ ಬಾಯಿಗೆ ಕೈ ಹಿಡಿಯಿರಿ. ಮತ್ತೆ ಜೋಡಿಸಿ, ಮನೆಯ ಹೊರಗಿನ ಬಾಯಿಗೆ ಹಿಡಿಯಿರಿ. ಗಾಳಿಯ ರಭಸದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಅಡಚಣೆ ಕೊಳವೆಯಲ್ಲಿದೆ. ಕಳಚಿದಾಗಲೂ ಗಾಳಿ ಮಂದವಾಗಿದ್ದರೆ ಮೆಷಿನ್ ಒಳಗಿದೆ: ಬ್ಲೋವರ್ ಚಕ್ರಕ್ಕೆ ಜುಂಗು ಸುತ್ತಿರಬಹುದು, ಇಲ್ಲವೇ ಚಕ್ರದ ನಡುವಿನ ರಂಧ್ರ ಸವೆದು ಅಕ್ಷದ ಮೇಲೆ ಜಾರುತ್ತಿರಬಹುದು. ಸುರುಳಿ ಸುತ್ತಿದ ಪ್ಲಾಸ್ಟಿಕ್ ಅಥವಾ ತೆಳು ಫಾಯಿಲ್ ಕೊಳವೆ ಇದ್ದರೆ ತೆಗೆದು ಗಟ್ಟಿ ಲೋಹದ ಕೊಳವೆ ಹಾಕಿ. ಕೀಲುಗಳಲ್ಲಿ ಒಳಕ್ಕೆ ಚಾಚುವ ಸ್ಕ್ರೂ ಬೇಡ, ಜುಂಗು ಮೊದಲು ಸಿಕ್ಕಿಕೊಳ್ಳುವುದು ಅದರ ತುದಿಗೇ. ಕೀಲಿಗೆ ಅಲ್ಯುಮಿನಿಯಂ ಫಾಯಿಲ್ ಟೇಪ್ ಒಳ್ಳೆಯದು.

ಜೋಡಣೆಯಲ್ಲಿ ಕಿಟ್ ಒಂದು ಕಡೆ ಕೈಕೊಡುತ್ತದೆ: ಹೆಚ್ಚಿನವುಗಳಲ್ಲಿ ತಂತಿಯ ತುದಿಗೆ ಹಾಕುವ ಟರ್ಮಿನಲ್‌ಗಳನ್ನು ಕೊಡುವುದಿಲ್ಲ. ಈ ಎಲಿಮೆಂಟ್ 22 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಹಳೆಯ ಟರ್ಮಿನಲ್ ಕಪ್ಪಾಗಿ ಸಡಿಲವಾಗಿದ್ದರೆ ಹೊಸ ಎಲಿಮೆಂಟಿನ ಬಾಯಿಯನ್ನೂ ಸುಡುತ್ತದೆ. ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೆಚ್ಚು ಬಿಸಿ ತಡೆಯುವ ಟರ್ಮಿನಲ್ ಅನ್ನು ಕ್ರಿಂಪರ್‌ನಿಂದ ಒತ್ತಿ ಕೂರಿಸಿ. ಇನ್ನೊಂದು ತಪ್ಪೂ ಆಗುತ್ತದೆ: ಹೈ ಲಿಮಿಟ್ ಮತ್ತು ಕಟ್ ಆಫ್ ನೋಡಲು ಅಕ್ಕತಂಗಿಯರಂತಿರುತ್ತವೆ. ಒಂದು ಬಿಚ್ಚಿ ಒಂದು ಹಾಕಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ನೆಲದ ಮೇಲೆ ಹರಡಬೇಡಿ.

ಮೋಟರ್ ಓಡುತ್ತಿದ್ದರೂ ಡ್ರಮ್ ತಿರುಗದಿದ್ದರೆ ಬೆಲ್ಟ್ ಹರಿದಿರಬಹುದು. ದಡದಡ ಸದ್ದು ಬಂದರೆ ರೋಲರ್ ಸವೆದಿದೆ. ಅದಕ್ಕೆ ಬೇಕಾದ್ದು ಬೆಲ್ಟ್, ಎರಡು ರೋಲರ್, ಐಡ್ಲರ್ ಪುಲ್ಲಿ ಇರುವ 4392065 ಕಿಟ್, ಇದಲ್ಲ. ಗ್ಯಾಸ್ ಡ್ರೈಯರ್‌ಗೂ ಇದು ಬರುವುದಿಲ್ಲ. ಅಲ್ಲಿ ಮೊದಲ ಸಲ ಉರಿ ಹತ್ತಿ ಆಮೇಲೆ ಹತ್ತದಿದ್ದರೆ ಗ್ಯಾಸ್ ವಾಲ್ವ್ ಮೇಲಿನ ಕಾಯಿಲ್‌ಗಳನ್ನು ಸಂಶಯಿಸಬೇಕು.

ಎಲ್ಲ ಮುಗಿದ ಮೇಲೆ ಹಿಂದಿನ ಬಾಯಿಗೆ ಅಡುಗೆಯ ಪ್ರೋಬ್ ಥರ್ಮಾಮೀಟರ್ ತೂರಿಸಿ, ಖಾಲಿ ಡ್ರಮ್‌ನಲ್ಲಿ ಹೆಚ್ಚು ಬಿಸಿಗೆ ಇಟ್ಟು ಕಾಲು ಗಂಟೆ ಓಡಿಸಿ. ಪಾದರಸದಂತೆ ಅಂಕಿ ಏರಿ 65ರಿಂದ 70ರೊಳಗೆ ನಿಂತು, ಇಳಿದು, ಮತ್ತೆ ಏರಬೇಕು. 75 ದಾಟಿಯೂ ಏರುತ್ತಲೇ ಇದ್ದರೆ ಪ್ಲಗ್ ಕಿತ್ತು ಸೈಕ್ಲಿಂಗ್ ಥರ್ಮೋಸ್ಟಾಟ್ ಬದಲಿಸಿ. ಹೊಸದು ಹಾಕಿದ ಮೇಲೂ ಹೀಗಾದರೆ ಆ ಕಿಟ್ ಅನ್ನು ಕಳಿಸಿದವರಿಗೇ ವಾಪಸ್ ಕಳಿಸಿ.